ಬೇಲೂರಿನ ಕಚ್ಚು

ಮೊನ್ನೆ ಅರಸೀಕೆರೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಒಳಗಿನ ಡಬ್ಬಗಳನ್ನೆಲ್ಲ ತಡಕಾಡಿ, ಬಳೆಯಗಲದ ಒಂದು ಕಾರ್ಕಿನ ಉಂಗುರವನ್ನು ತಂದು ಗಾಜಿನ ಮೇಲಿಟ್ಟ.

"ಹಳೇ ಗಾಡಿದು ಅಕ್ಕ. ಈಗ ಇದನ್ನ ಕೇಳೋರೇ ಇಲ್ಲ. ನೋಡ್ಕಳಿ, ಇದೇನಾ?"

ನಾನು ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಕಾರ್ಕಿನ ಒಣ ವಾಸನೆ, ಅದರ ಹಿಂದೆಯೇ ಆ ಅಂಗಡಿಗೆ ಅಂಟಿಕೊಂಡಿದ್ದ ಪೆಟ್ರೋಲಿನ ವಾಸನೆ.

"ಮಾವಿನಹಣ್ಣು ಆರಿಸೋ ಥರ ಮೂಸ್ತೀರಲ್ಲಕ್ಕ" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಅತ್ತೆ ನನ್ನನ್ನು ಗುಟ್ಟಾಗಿ ಕಳಿಸಿದ್ದರು, ಮನೆಯ ಗಂಡಸರಿಗೆ ಹೇಳಬೇಡ ಎಂದಿದ್ದರು. ಇಷ್ಟು ಸಣ್ಣ ಉಂಗುರಕ್ಕೆ ಇಷ್ಟು ಗುಟ್ಟು ಯಾಕೆ ಎಂದರೆ ಆ ಒಂದು ಮಳೆಗಾಲದ ಕತೆ ಹೇಳಬೇಕಾಗುತ್ತದೆ.

ನಮ್ಮ ಊರು ಮಾದಿಹಳ್ಳಿಯ ಕಡೆ, ರಸ್ತೆಯಿಂದ ಸ್ವಲ್ಪ ಒಳಗೆ. ಮಾವನವರು ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಪಾಲಾದರು. ದೊಡ್ಡವರು ನಮ್ಮ ಯಜಮಾನರು, ಚಂದ್ರಣ್ಣ. ಆಗ ಬೇಲೂರಿನ ಕಚೇರಿಯೊಂದರಲ್ಲಿ ಕೆಲಸ. ಚಿಕ್ಕವನು ನನ್ನ ಮೈದುನ ರುದ್ರೇಶ. ತೆಂಗು, ಗದ್ದೆ, ಹಸು ನೋಡಿಕೊಂಡು ಊರಲ್ಲೇ ಇದ್ದವನು. ತೋಟಕ್ಕೆ ಬದು ಬಿತ್ತು, ಗದ್ದೆಗೆ ಕಲ್ಲು ಬಿತ್ತು, ಹಿತ್ತಲ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಪಾಲು ಮಾಡಲಾಗದೆ ಉಳಿದದ್ದು ಎರಡು: ಒಂದು ಅತ್ತೆ, ಇನ್ನೊಂದು ಮಾವನವರ ಹಳೆಯ ಕಾರು. ಪಂಚಾಯ್ತಿಗೆ ಕೂತ ಹಿರಿಯರು ತಲೆ ಕೆರೆದುಕೊಂಡು ಅತ್ತೆಯನ್ನೂ ಕಾರನ್ನೂ ಒಂದೇ ಗಂಟಿಗೆ ಹಾಕಿದರು. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ಅವ್ವ ಒಬ್ಬನ ಮನೆಯಲ್ಲಿ. ಅವ್ವ ಇದ್ದ ಕಡೆ ಕಾರು. ವಯಸ್ಸಾದವಳು, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆ ಗೀಸ್ಪತ್ರೆ ಅಂದರೆ ಬೇಕಾಗುತ್ತದೆ ಎಂಬುದು ಅವರ ಯೋಚನೆ. ಹೀಗಾಗಿ ಪ್ರತಿ ಅಮಾವಾಸ್ಯೆಯ ಸಂಜೆ ಅತ್ತೆ ತಮ್ಮ ಚಾಪೆ, ಕಂಬಳಿ, ಎಲೆಅಡಿಕೆ ಡಬ್ಬದ ಜೊತೆ ಹಿಂದಿನ ಸೀಟಿನಲ್ಲಿ ಕೂರುವರು. ಬಾಯಲ್ಲಿಟ್ಟ ಎಲೆಅಡಿಕೆ ಇನ್ನೂ ಕೆಂಪಾಗುವ ಮೊದಲೇ ಇನ್ನೊಬ್ಬ ಮಗನ ಅಂಗಳದಲ್ಲಿ ಇಳಿಯುವರು. ಊರವರಿಗೆ ಅದೊಂದು ತಮಾಷೆ. ನಮ್ಮ ಕಾರಿಗೆ ಅವರು ಆಮೆ ಎಂದೇ ಹೆಸರಿಟ್ಟಿದ್ದರು.

ಆ ಕಾರಿನ ಪೆಟ್ರೋಲ್ ಮೀಟರು ಮಾವನವರ ಕಾಲಕ್ಕೇ ಸತ್ತಿತ್ತು. ಮುಳ್ಳು ಸೊನ್ನೆಯ ಮೇಲೆ ಮಲಗಿದ್ದು ಮತ್ತೆ ಎದ್ದಿರಲಿಲ್ಲ. ಅವರು ಅದಕ್ಕೆ ತಲೆ ಕೆಡಿಸಿಕೊಳ್ಳದೆ ಬಿದಿರು ಸೀಳಿ, ಬಾಗುವಷ್ಟು ತೆಳ್ಳಗೆ ಹೆರೆದು ಒಂದು ದಬ್ಬೆ ಮಾಡಿಕೊಂಡಿದ್ದರು. ಟ್ಯಾಂಕಿನ ಬಾಯಲ್ಲಿ ಅದನ್ನು ಇಳಿಬಿಟ್ಟು ತೆಗೆದರೆ ಎಲ್ಲಿಯವರೆಗೆ ಒದ್ದೆಯೋ ಅಷ್ಟು ಪೆಟ್ರೋಲು. ದಬ್ಬೆಗೆ ಚಾಕುವಿನಲ್ಲಿ ಮೂರು ಕಚ್ಚು ಹಾಕಿದ್ದರು. ಅವು ಲೀಟರಿನ ಕಚ್ಚುಗಳಲ್ಲ, ಊರಿನ ಕಚ್ಚುಗಳು. ಮಾವನವರದು ತೆಂಗಿನಕಾಯಿ ವ್ಯಾಪಾರ, ಅವರ ಲೆಕ್ಕವೆಲ್ಲ ವಾರದ ಲೆಕ್ಕ. ಒಂದು ವಾರ ದಿನಾ ಹಳೇಬೀಡಿಗೆ ಹೋಗಿ ಬರುವಷ್ಟಿದ್ದರೆ ಕೆಳಗಿನ ಕಚ್ಚು. ಬೇಲೂರಿಗಾದರೆ ನಡುವಿನದು. ಅರಸೀಕೆರೆಗಾದರೆ ಮೇಲಿನದು. ಕಾರು ಮನೆ ಬದಲಿಸುವಾಗ ಅರಸೀಕೆರೆ ಕಚ್ಚಿನವರೆಗೆ ತುಂಬಿಸಿಯೇ ಕೊಡಬೇಕು ಎಂಬುದು ಪಾಲಿನ ದಿನ ಆದ ಮಾತು. ದಬ್ಬೆ ಅತ್ತೆಯ ಕೈಯಲ್ಲೇ ಇರುತ್ತಿತ್ತು.

ಆ ವರ್ಷ ಆರಿದ್ರಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ಭೀಮನ ಅಮಾವಾಸ್ಯೆಯ ಸಂಜೆ ಅತ್ತೆಯೂ ಕಾರೂ ರುದ್ರೇಶನ ಮನೆಯಿಂದ ನಮ್ಮ ಮನೆಗೆ ಬಂದರು. ಹೊರಡುವ ಮೊದಲು ಅವನ ಅಂಗಳದಲ್ಲೇ ದಬ್ಬೆ ಇಳಿಸಿ ನೋಡಿದ್ದಾಯಿತು. ಅರಸೀಕೆರೆಗೆ ಸರಿಯಾಗಿತ್ತು. ಆಮೇಲೆ ಜಡಿಮಳೆ ಬಿಡಲಿಲ್ಲ, ಕಾರು ಒಂದು ವಾರ ಶೆಡ್ಡಿನಿಂದ ಹೊರಗೇ ಬರಲಿಲ್ಲ. ನೆಲ ಕೆಸರಾಗದಿರಲಿ ಎಂದು ಎರಡೂ ಮನೆಯ ಶೆಡ್ಡಿನಲ್ಲಿ ತೆಂಗಿನ ನಾರಿನ ಪುಡಿ ದಪ್ಪಗೆ ಹರಡಿರುತ್ತಿದ್ದೆವು. ಕಾರು ಅದರ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಕೂತಿತ್ತು. ಮಳೆ ಹೊಳವಾದ ದಿನ ನಮ್ಮ ಯಜಮಾನರು ಅರಸೀಕೆರೆಗೆ ಹೊರಟು ದಬ್ಬೆ ಇಳಿಸಿದರು. ಬೇಲೂರಿನ ಕಚ್ಚಿಗೆ ಇಳಿದಿತ್ತು.

ಅವರು ಕಾರು ಬಿಟ್ಟು ನೇರ ತಮ್ಮನ ಅಂಗಳಕ್ಕೆ ನಡೆದರು. ದಬ್ಬೆ ಕೈಯಲ್ಲೇ ಇತ್ತು.

"ನಿನ್ನ ಅಂಗಳ ಹಿಂದಕ್ಕೆ ಇಳಿಜಾರು. ಹಿಂಬದಿ ತಗ್ಗಿಗೆ ಬಂದು ಪೆಟ್ರೋಲು ದಬ್ಬೆ ಕಡೆ ಏರೋ ಹಾಗೆ ಕಾರು ನಿಲ್ಲಿಸಿ ಅಳತೆ ಕೊಟ್ಟಿದೀಯ. ನಮ್ಮ ಶೆಡ್ಡಲ್ಲಿ ಮಟ್ಟವಾಗಿ ನಿಂತ ಮೇಲೆ ನಿಜ ಗೊತ್ತಾಯ್ತು."

ರುದ್ರೇಶ ಹಾಲು ಕರೆದ ಕೈಯನ್ನು ಪಂಚೆಗೆ ಒರೆಸಿಕೊಂಡ. "ಒಂದು ವಾರದಿಂದ ಕಾರು ನಿನ್ನ ಮನೇಲಿ ಐತೆ. ಇಳಿದ ಪೆಟ್ರೋಲಿಗೆ ನನ್ನ ಅಂಗಳ ಜವಾಬ್ದಾರಿನಾ? ಹಿಂದೆ ನನ್ನ ಮನೇಲೂ ಹಿಂಗೇ ಇಳಿದಿತ್ತು. ನೀನು ಕೊಟ್ಟ ಅಳತೆ ಕಳ್ಳಳತೆ ಅಂತ ನನಗೂ ಅನ್ನಿಸ್ತು. ನಾನು ಬಾಯಿ ಬಿಟ್ನಾ?"

"ನೀನು ಬಾಯಿ ಬಿಡದೆ ಕೈ ಬಿಟ್ಟೆ. ಪೈಪ್ ಹಾಕಿ ಎಳಕೊಂಡೆ."

"ಕಳ್ಳ ಅಂತೀಯಾ ನನ್ನ?"

"ಇಳಿಜಾರು ಅಂದೆ. ಕಳ್ಳ ಅಂತ ನೀನೇ ಅಂದ್ಕೊಂಡ್ರೆ ನಾನೇನ್ ಮಾಡ್ಲಿ."

ರುದ್ರೇಶ ಅಣ್ಣನ ಕೈಯಿಂದ ದಬ್ಬೆ ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದ. ಒಣಗಿ ವರ್ಷಗಳಾಗಿದ್ದ ಬಿದಿರು, ಸದ್ದು ಹಿತ್ತಲವರೆಗೂ ಕೇಳಿತು. ಅಪ್ಪ ಹೆರೆದ ದಬ್ಬೆ ಎಂಬುದು ಇಬ್ಬರಿಗೂ ಆಮೇಲೆ ಹೊಳೆದಿರಬೇಕು. ಅತ್ತೆ ನನ್ನ ಹಿಂದೆಯೇ ಬಂದಿದ್ದವರು ಬಗ್ಗಿ ಎರಡು ತುಂಡನ್ನೂ ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದರು. ಒಂದು ಮಾತೂ ಆಡಲಿಲ್ಲ.

ಆಡಿದವರು ಮಕ್ಕಳು, ಅದೂ ಒಬ್ಬರಿಗೊಬ್ಬರಲ್ಲ. ರುದ್ರೇಶ ದಿನಾ ಬೆಳಗ್ಗೆ ಗೋಡೆಯಾಚೆ ಹಸುವಿನ ಜೊತೆ ಮಾತಾಡತೊಡಗಿದ. ಕಲ್ಲುಬಾನಿಗೆ ನೀರು ಸುರಿಯುತ್ತ, ನಮ್ಮ ಬಚ್ಚಲಿಗೆ ಕೇಳುವಷ್ಟು ಗಟ್ಟಿಯಾಗಿ, "ಕುಡಿಯವ್ವ, ಕುಡಿ. ನೀರೇ ಇದು, ಪೆಟ್ರೋಲ್ ಅಲ್ಲ. ಅದನ್ನ ಕುಡಿಯೋರು ಆಚೆ ಮನೇಲವ್ರೆ" ಎನ್ನುವನು. ನಮ್ಮವರಿಗೆ ಹಸು ಇರಲಿಲ್ಲ. ಅವರು ನನ್ನನ್ನೇ ಹಸು ಮಾಡಿಕೊಂಡರು. "ಕೇಳಿದ್ಯಾ ಶಾರದಾ, ಕೆಲವರಿಗೆ ಅಂಗಳ ಒಂದೇ ಅಲ್ಲ, ನಾಲಿಗೆನೂ ಇಳಿಜಾರು." ಎಂಥ ಮಳೆಯಲ್ಲೂ ಈ ಭಜನೆ ತಪ್ಪಲಿಲ್ಲ.

ನನ್ನ ವಾರಗಿತ್ತಿ ಲತಾ ಒಳ್ಳೆಯವಳೇ. ಆದರೆ ಗಂಡನನ್ನು ಕಳ್ಳ ಎಂದ ಮನೆಗೆ ಅವಳು ತಾನೇ ಏನು ಮಾಡಿಯಾಳು. ಮೊದಲಿನಿಂದ ನಮ್ಮ ನಡುವೆ ಗೋಡೆಯ ಮೇಲೆ ಪಾತ್ರೆ ಓಡಾಡುತ್ತಿತ್ತು. ನಾನು ಹುರುಳಿ ಸಾರು ಕೊಟ್ಟರೆ ಅದೇ ಪಾತ್ರೆಯಲ್ಲಿ ಅವಳು ಒಂದಿಷ್ಟು ಬೆಣ್ಣೆಯೋ ಎರಡು ನಿಂಬೆಹಣ್ಣೋ ಹಾಕಿ ಹಿಂದಿರುಗಿಸುವಳು. ನಮ್ಮ ಕಡೆ ಪಾತ್ರೆ ಬರಿದಾಗಿ ಹಿಂದಕ್ಕೆ ಬರುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ಆ ಶ್ರಾವಣದಲ್ಲಿ ನನ್ನ ಸ್ಟೀಲಿನ ಡಬ್ಬ ಗೋಡೆಯ ಮೇಲೆ ಬರಿದಾಗಿ, ತೊಳೆದು, ಬೋರಲು ಹಾಕಿದ ಹಾಗೇ ಬಂತು. ಗಂಡಸರ ಬೈಗುಳಕ್ಕೆ ನಾನು ಅತ್ತವಳಲ್ಲ. ಆ ಡಬ್ಬ ನೋಡಿ ಅತ್ತುಬಿಟ್ಟೆ.

ಬೆನಕನ ಅಮಾವಾಸ್ಯೆ ಬಂತು. ಅತ್ತೆ ಚಿಕ್ಕಮಗನ ಮನೆಗೆ ಹೋಗುವ ಸರದಿ. ನಾಲ್ಕು ಗಂಟೆಗೇ ಚಾಪೆ ಕಂಬಳಿ ಸುತ್ತಿಕೊಂಡು ಜಗಲಿಯಲ್ಲಿ ಕೂತರು. ಗೌರಿ ಹಬ್ಬಕ್ಕೆ ಅಲ್ಲಿರಬೇಕು, ಲತಾಗೆ ಬಾಗಿನದ ಮೊರ ಹೇಗೆ ಜೋಡಿಸಬೇಕೆಂದು ಇನ್ನೂ ತಿಳಿಯದು ಎಂದು ಹೇಳುತ್ತಿದ್ದರು. ನಮ್ಮ ಯಜಮಾನರು ಕಾರಿನ ಕೀಲಿಯನ್ನು ಜೇಬಿನಿಂದ ತೆಗೆಯಲಿಲ್ಲ.

"ಅಳತೆ ಇಲ್ಲದೆ ಕಾರು ಕೊಡಲ್ಲ ಅವ್ವ. ಅಳತೆ ಕೋಲು ಮುರಿದವನು ಅವನು. ಕಾರು ಹೋಗದೆ ನೀನು ಹೋಗೋ ಹಾಗಿಲ್ಲ. ಹಿರಿಯರು ಮಾಡಿದ ಮಾತು ಹಾಗೇ ಇದೆ."

ನಾನು ಬಾಯಿ ಹಾಕಿದೆ. "ನಾಲ್ಕು ಹೆಜ್ಜೆ ದಾರಿ, ನಡೆಸಿಕೊಂಡು ಹೋಗಿ ಬಿಟ್ಟು ಬರ್ತೀನಿ."

"ನೀನು ಸುಮ್ನಿರು. ಇವತ್ತು ಅವ್ವ ನಡಕೊಂಡು ಹೋದ್ರೆ, ನಾಳೆ ಅವನು ಕಾರು ಬೇರೆ ಅವ್ವ ಬೇರೆ ಅಂತಾನೆ. ಆಮೇಲೆ ಕಾರೂ ಬರಲ್ಲ, ಅವ್ವನೂ ಬರಲ್ಲ."

ರುದ್ರೇಶ ತನ್ನ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದ. ಬಂದು ಕರೆಯಲಿಲ್ಲ. ಕಳ್ಳ ಎನ್ನಿಸಿಕೊಂಡ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ಅವನು ಆಣೆ ಹಾಕಿಕೊಂಡಿದ್ದ. ದೀಪ ಹಚ್ಚುವ ಹೊತ್ತಿಗೆ ಅತ್ತೆ ಎದ್ದು, ಕಟ್ಟಿದ್ದ ಗಂಟನ್ನು ತಾವೇ ಬಿಚ್ಚಿ, ಚಾಪೆಯನ್ನು ಮತ್ತೆ ನಮ್ಮ ನಡುಮನೆಯಲ್ಲೇ ಹಾಸಿದರು. ಗೌರಿ ಹಬ್ಬದ ದಿನ ಲತಾ ಬಾಗಿನ ಹಿಡಿದು ನಮ್ಮ ಅಂಗಳದ ಮುಳ್ಳುಬೇಲಿಯ ಹೊರಗೇ ನಿಂತಳು. ನಾನು ಒಳಗಿನಿಂದ ಹೋಗಿ ಬೇಲಿಯ ಮೇಲಿಂದಲೇ ತೆಗೆದುಕೊಂಡೆ. ಮೊರದಂಚು ಮುಳ್ಳಿಗೆ ಸಿಕ್ಕಿ ಅರಿಸಿನ ಕುಂಕುಮ ಮಣ್ಣಿಗೆ ಚೆಲ್ಲಿತು. ಅದರ ಮೇಲೆ ಮಳೆ ಹನಿಯಿತು.

ಮಹಾಲಯ ಹತ್ತಿರವಾದಾಗ ಅತ್ತೆ ಬಾಯಿ ಬಿಟ್ಟರು. ಮಧ್ಯೆ ಬೇಲಿ ಇಟ್ಟುಕೊಂಡೇ ಇಬ್ಬರನ್ನೂ ಎದುರು ಬದುರು ನಿಲ್ಲಿಸಿದ್ದರು. "ನಿಮ್ಮಪ್ಪನಿಗೆ ಎಡೆ ಇಡೋ ದಿನ ಬತ್ತೈತೆ. ನಿಮ್ಮ ಮಾತನ್ನ ನೀವಿಬ್ರೂ ನಂಬಲ್ಲ. ಆ ಮೀಟರು ರಿಪೇರಿ ಮಾಡ್ಸಿ. ಮುಳ್ಳು ಹೇಳಿದ್ದನ್ನ ನಂಬ್ರಿ. ಮುಳ್ಳು ಎದ್ದ ದಿನ ನಾನು ಚಿಕ್ಕೋನ ಮನೆಗೆ ಹೋಗ್ತೀನಿ."

ಮೀಟರಿನ ಮುಳ್ಳು ಏಳಬೇಕಾದರೆ ಟ್ಯಾಂಕಿನೊಳಗೆ ಫ್ಲೋಟು ಎಂಬುದೊಂದು ಇರಬೇಕು. ಟ್ಯಾಂಕಿನ ಪಕ್ಕೆಗೆ ಬಿಗಿಯುವ ಒಂದು ತಗಡಿನ ಬಿಲ್ಲೆ, ಅದಕ್ಕೊಂದು ತಂತಿಯ ತೋಳು, ತೋಳಿನ ತುದಿಗೆ ತೇಲುವ ಒಂದು ಗುಂಡು. ಪೆಟ್ರೋಲಿನ ಜೊತೆ ಗುಂಡು ಏರಿದರೆ ಮುಳ್ಳೂ ಏರುತ್ತದೆ, ಇಳಿದರೆ ಇಳಿಯುತ್ತದೆ. ನಮ್ಮ ಕಾರಿನದು ಎಂದೋ ತುಕ್ಕು ಹಿಡಿದು ಕೂತಿತ್ತು. ಬೇಲೂರಿನ ಮೆಕ್ಯಾನಿಕ್ಕನ ಹತ್ತಿರ ಹೋದರೆ ಅವನು ಕೈ ಮುಗಿದುಬಿಟ್ಟ. ಅಣ್ಣ ಒಂದು ಸಲ, ತಮ್ಮ ಒಂದು ಸಲ ಬೇರೆಬೇರೆಯಾಗಿ ಹೋಗಿ, ನಾನಿಲ್ಲದಾಗ ಟ್ಯಾಂಕು ಬಿಚ್ಚಬೇಡ ಎಂದು ತಾಕೀತು ಮಾಡಿದ್ದರಂತೆ. "ಒಬ್ಬರ ಗಾಡಿ ಆದ್ರೆ ಮಾಡ್ತೀನಿ ಸಾರ್. ಇಬ್ಬರ ಗಾಡಿ ನನ್ನ ಕೈಲಾಗಲ್ಲ. ನಾಳೆ ಮುಳ್ಳು ಒಂದು ಕೂದಲು ಆಚೀಚೆ ಆದ್ರೂ ನಾನೇ ಯಾರದೋ ಪಕ್ಷ ಅಂತೀರ" ಎಂದು, ಜ್ಯಾಕನ್ನು ಮಾತ್ರ ಕೊಟ್ಟು ಕಳಿಸಿದ.

ಹೀಗಾಗಿ ಅಣ್ಣತಮ್ಮಂದಿರೇ ಮಾಡಬೇಕಾಯಿತು. ಜಾಗ ಎರಡೂ ಮನೆಗೆ ಸೇರದ್ದು, ಓಣಿಯ ತುದಿಯ ಹೊಂಗೆಮರದ ಕೆಳಗೆ. ಪೆಟ್ರೋಲಿನ ಕೆಲಸ, ಎಲ್ಲೂ ಬೆಂಕಿ ಇರಕೂಡದು ಎಂದು ನಮ್ಮ ಯಜಮಾನರು ಹೇಳಿ ಕಳಿಸಿದ್ದರಿಂದ ಅಂದು ಎರಡೂ ಮನೆಯಲ್ಲಿ ಒಲೆ ಹಚ್ಚಲಿಲ್ಲ. ದಾರಿಯಲ್ಲಿ ಹೋಗುವವರೊಬ್ಬರು ಹೊಗೆ ಕಾಣದೆ ಗಾಬರಿಯಾಗಿ, "ಯಾರು ಹೋಗ್ಬಿಟ್ರು?" ಎಂದು ಕೇಳಿದರು. ಕಾರಿನ ಸೀಟಿನಲ್ಲಿ ಕೂತಿದ್ದ ಅತ್ತೆ, "ಇನ್ನೂ ಇಲ್ಲ" ಎಂದರು.

ಇಬ್ಬರೂ ಕಾರಿನ ಕೆಳಗೆ ಮಲಗಿದರು. ಮಾತು ನನ್ನ ಮೂಲಕ.

"ಅತ್ತಿಗೆ, ನಿಮ್ಮ ಯಜಮಾನ್ರಿಗೆ ಹೇಳಿ, ಸ್ಪ್ಯಾನರ್ ಈ ಕಡೆ ಕೊಡ್ಲಿ."

"ಶಾರದಾ, ಅವನಿಗೆ ಹೇಳು, ನಟ್ಟು ಬಲಗಡೆ ತಿರುಗಿಸಿದ್ರೆ ಬಿಗಿಯಾಗುತ್ತೆ, ಬಿಚ್ಚಲ್ಲ."

"ಹೇಳಿ, ಕಚೇರಿಲಿ ಫ್ಯಾನ್ ಕೆಳಗೆ ಕೂತೋರು ನನಗೆ ನಟ್ಟು ಬಿಚ್ಚೋದು ಹೇಳಿಕೊಡೋದು ಬ್ಯಾಡ."

ಒಂದು ಗೇಣು ಅಂತರದಲ್ಲಿ ಎರಡು ಮುಖ, ಮಧ್ಯೆ ಸಂದೇಶ ಹೊತ್ತು ನಾನು ಕೆಸರಿನಲ್ಲಿ ಕುಕ್ಕರುಗಾಲಲ್ಲಿ. ಪೆಟ್ರೋಲನ್ನು ಕ್ಯಾನಿಗೆ ಬಸಿದು ದೂರ ಇಟ್ಟು, ಟ್ಯಾಂಕು ಇಳಿಸಿ ಮರದ ಬುಡಕ್ಕೆ ಸಾಗಿಸಿದರು. ಆಗ ಗೊತ್ತಾಯಿತು, ಇಬ್ಬರೂ ಒಂದೊಂದು ಫ್ಲೋಟು ತಂದಿದ್ದರು. ಇವರದು ಅರಸೀಕೆರೆಯ ಗುಜರಿಯಿಂದ, ಅವನದು ಬೇಲೂರಿನಿಂದ. ಇನ್ನೊಬ್ಬನು ತಂದದ್ದು ಅವನ ಪರವಾಗಿಯೇ ಅಳೆಯುತ್ತದೆ ಎಂದು ಇಬ್ಬರಿಗೂ ಗುಮಾನಿ. ತೀರ್ಪು ಅತ್ತೆಗೆ ಬಂತು. ಅವರು ಡ್ರೈವರ್ ಸೀಟಿನಲ್ಲಿ ಮೀಟರಿನ ಮೇಲೆ ಕಣ್ಣು ನೆಟ್ಟರು. ವೈರು ಸಿಕ್ಕಿಸಿ, ಇವರು ತಮ್ಮ ಫ್ಲೋಟಿನ ತೋಳನ್ನು ಕೈಯಲ್ಲಿ ಮೇಲೆತ್ತಿದರು.

"ಏನಾಯ್ತವ್ವ?"

"ಇಳೀತು."

"ಈಗ?" ಎಂದು ತೋಳು ಇಳಿಸಿದರು.

"ಏರ್ತು."

ಬೇರೆ ಯಾವುದೋ ಗಾಡಿಯದು, ಎಲ್ಲ ತಲೆಕೆಳಗು. ರುದ್ರೇಶನಿಗೆ ಅಷ್ಟೇ ಸಾಕಾಯಿತು. "ನೋಡಿ ಅತ್ತಿಗೆ, ಬರಿದಾದಾಗ ತುಂಬೈತೆ ಅನ್ನುತ್ತೆ, ತುಂಬಿದಾಗ ಬರಿದು ಅನ್ನುತ್ತೆ. ತಂದೋರ ಬುದ್ಧಿನೇ ಬಂದೈತೆ." ಅವನದನ್ನು ಎತ್ತಿದಾಗ ಮುಳ್ಳು ಎದ್ದಿತು, ಇಳಿಸಿದಾಗ ಮಲಗಿತು. ಇವರು ಹಲ್ಲು ಕಚ್ಚಿ ಒಪ್ಪಿದರು. ಆದರೆ ಫ್ಲೋಟು ಅವನದಾದರೆ ಅದರ ಸುತ್ತ ಸೋರದಂತೆ ಕೂರಿಸುವ ಕಾರ್ಕಿನ ಉಂಗುರ, ಆ ಪ್ಯಾಕಿಂಗು, ತಾನು ತಂದದ್ದೇ ಆಗಬೇಕು ಎಂದು ಹಟ ಹಿಡಿದರು. ಹೋಗಲಿ ಎಂದು ಅದೂ ಆಯಿತು.

ಹಳೆಯ ಫ್ಲೋಟು ಬಿಚ್ಚಲು ಟ್ಯಾಂಕನ್ನು ಬೆಳಕಿಗೆ ತಿರುಗಿಸಿದಾಗ ನಾವೆಲ್ಲರೂ ಒಟ್ಟಿಗೆ ಕಂಡೆವು. ಟ್ಯಾಂಕಿನ ಪಕ್ಕೆಯಲ್ಲಿ ಆ ಬಿಲ್ಲೆಯ ಕೆಳಗಂಚಿನಿಂದ ತಳದವರೆಗೆ ಕಂದು ಬಣ್ಣದ ಒಂದು ಕಲೆ ಇಳಿದಿತ್ತು, ಬಾಯಿಂದ ಎಲೆಅಡಿಕೆ ರಸ ಜಾರಿದ ಹಾಗೆ. ರುದ್ರೇಶ ಬೆರಳಲ್ಲಿ ಒತ್ತಿದ. ಹಳೆಯ ಪ್ಯಾಕಿಂಗು ಒಣಗಿದ ಸಗಣಿಯಂತೆ ಪುಡಿಪುಡಿಯಾಗಿ ಉದುರಿತು. ಅತ್ತೆ ಕಾರಿಂದ ಇಳಿದು ಬಂದು ಸೆರಗಿನ ಗಂಟು ಬಿಚ್ಚಿದರು. ಮುರಿದ ದಬ್ಬೆಯ ಎರಡು ತುಂಡನ್ನೂ ಜೋಡಿಸಿ, ಟ್ಯಾಂಕಿನ ಹೊರಮೈಗೆ ನೆಟ್ಟಗೆ ಹಿಡಿದರು. ಬೇಲೂರಿನ ಕಚ್ಚು ಬಂದು ನಿಂತದ್ದು ಸರಿಯಾಗಿ ಆ ಬಿಲ್ಲೆಯ ಕೆಳಗಂಚಿಗೆ.

ಅದಕ್ಕಿಂತ ಮೇಲೆ ತುಂಬಿಸಿದ್ದೆಲ್ಲ ಹನಿಹನಿಯಾಗಿ ಜಿನುಗಿ ಹೋಗುತ್ತಿತ್ತು. ಬೇಲೂರಿಗೆ ಬಂದ ಮೇಲೆ ನಿಲ್ಲುತ್ತಿತ್ತು. ಜಿನುಗಿದ್ದನ್ನು ಎರಡೂ ಮನೆಯ ನಾರಿನ ಪುಡಿ ಸದ್ದಿಲ್ಲದೆ ಕುಡಿದುಬಿಡುತ್ತಿತ್ತು. ವಾಸನೆ ಯಾರಿಗೂ ಬೇರೆ ಅನ್ನಿಸಿರಲಿಲ್ಲ. ಹಳೆಯ ಕಾರು ಎಂದರೆ ಹೀಗೇ ನಾರುತ್ತದೆ ಎಂದುಕೊಂಡಿದ್ದೆವು.

ದಬ್ಬೆ ಮುರಿದ ಜಗಳದ ಮೇಲೆ ಮೊದಲ ಸಲ ರುದ್ರೇಶ ಅಣ್ಣನ ಮುಖ ನೋಡಿ ಮಾತಾಡಿದ. "ಈಗ ಹೇಳು. ಕಳ್ಳ ಯಾರು?"

ಒಂದು ಮಾತು ಸಾಕಿತ್ತು. ತಪ್ಪಾಯ್ತು ಅನ್ನುವುದೂ ಬೇಡ, ಬಾರೋ ಅಂದಿದ್ದರೆ ಆಗುತ್ತಿತ್ತು. ನಾನು ಇವರ ಬಾಯನ್ನೇ ನೋಡುತ್ತಿದ್ದೆ. ಇವರು ಸ್ಕ್ರೂಗಳನ್ನು ಎಣಿಸುವವರ ಹಾಗೆ ಅಂಗೈ ನೋಡಿಕೊಂಡರು.

"ಕಳ್ಳ ಅಂತ ನಾನು ಹೇಳ್ಲಿಲ್ಲ. ನೀನು ಇಳಿಜಾರಲ್ಲಿ ನಿಲ್ಲಿಸಿದ್ದೆ ಅಂದೆ."

"ನಿಲ್ಲಿಸಿರಲಿಲ್ಲ."

"ನಿಲ್ಲಿಸಿದ್ದೆ."

"ಪೈಪ್ ಹಾಕಿ ಎಳಕೊಂಡೆ ಅಂದಿದ್ದು ಯಾರು?"

"ಅಪ್ಪನ ದಬ್ಬೆ ಮುರಿದಿದ್ದು ಯಾರು?"

ಹೀಗೆ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಲೇ ತಮ್ಮನ ಫ್ಲೋಟನ್ನು ಅಣ್ಣನ ಪ್ಯಾಕಿಂಗಿನ ಮೇಲೆ ಕೂರಿಸಿ, ಸ್ಕ್ರೂ ಬಿಗಿದು, ಟ್ಯಾಂಕು ಏರಿಸಿ, ಪೆಟ್ರೋಲು ಸುರಿದರು. ಕೆಲಸ ಮಾತ್ರ ಅಚ್ಚುಕಟ್ಟು. ಒಬ್ಬ ಹಿಡಿದರೆ ಇನ್ನೊಬ್ಬ ಕೇಳದೆಯೇ ಬಿಗಿಯುತ್ತಿದ್ದ. ಒಂದೇ ಅಪ್ಪನ ಕೈಕೆಳಗೆ ಕಲಿತ ಕೈಗಳು. ಬಾಯಿಗಳನ್ನು ಎಲ್ಲಿಂದ ತಂದರೋ. ಕೀಲಿ ತಿರುಗಿಸಿದಾಗ ಮುಳ್ಳು ನಿದ್ದೆಯಿಂದ ಎದ್ದ ಹಾಗೆ ನಿಧಾನ ಮೇಲೆದ್ದು ಅರ್ಧ ದಾಟಿ ನಿಂತಿತು. ಯಾರೂ ಖುಷಿಪಡಲಿಲ್ಲ.

ರುದ್ರೇಶ ಹಿಂದಿನ ಬಾಗಿಲು ತೆರೆದು ಹಿಡಿದ. "ಕೂತ್ಕೋ ಅವ್ವ. ಮುಳ್ಳು ಎದ್ದೈತೆ."

ಇವರು ಮೀಟರಿನ ಕಡೆ ಬಗ್ಗಿ, "ಎಷ್ಟಿದೆ ಅಂತ ಅವನು ಸರಿಯಾಗಿ ನೋಡ್ಕೊಳ್ಳಲಿ. ಆಮೇಲೆ ತಕರಾರು ಬೇಡ" ಎಂದರು.

ಅತ್ತೆ ಬಾಗಿಲ ಹತ್ತಿರ ಬಂದವರು ಅಲ್ಲೇ ನಿಂತರು. "ಶಾರದಾ, ನನ್ನ ಚಾಪೆ ಕಂಬಳಿ ತಗಂಬಾ."

ತಂದು ನಿಂತೆ. ಅವರು ಕಾರು ಹತ್ತಲಿಲ್ಲ.

"ಕಾರನ್ನ ಅಳ್ಕಂಡು ಕೊಡ್ರಿ, ಅಳ್ಕಂಡು ತಗಳ್ರಿ. ನನಗೆ ಮುಳ್ಳಿಲ್ಲ ಕಣ್ರಪ್ಪ. ನಾನು ನಡ್ಕಂಡೇ ಹೋಗ್ತೀನಿ, ನಡ್ಕಂಡೇ ಬತ್ತೀನಿ. ಯಾರ ಮನೇಲಿ ಯಾವತ್ತು ಅಂತ ಇನ್ನು ನಾನೇ ಹೇಳದು."

ಓಣಿಯ ಕೆಸರಿನಲ್ಲಿ ಅವರು ಮುಂದೆ, ಚಾಪೆ ಹೊತ್ತು ನಾನು ಹಿಂದೆ. ತಿರುಗಿ ನೋಡಿದರೆ ಮಕ್ಕಳಿಬ್ಬರೂ ಕಾರಿನ ಆಚೆಗೊಬ್ಬ ಈಚೆಗೊಬ್ಬ ನಿಂತಿದ್ದರು. ಲತಾ ಬಾಗಿಲಿಗೆ ಬಂದು ನನ್ನ ಕೈಯಿಂದ ಚಾಪೆ ತೆಗೆದುಕೊಂಡಳು. ಮಾರನೆಯ ದಿನ ಗೋಡೆಯ ಮೇಲೆ ಒಂದು ಬಟ್ಟಲಿತ್ತು; ಬರಿದಾಗಿರಲಿಲ್ಲ.

ಅಣ್ಣತಮ್ಮಂದಿರು ಆ ಮಹಾಲಯಕ್ಕೆ ಎಡೆಯನ್ನು ಬೇರೆಬೇರೆಯಾಗಿಯೇ ಇಟ್ಟರು. ಇವತ್ತಿಗೂ ಹಾಗೇ. ಕಾರು ಇವತ್ತಿಗೂ ಅಮಾವಾಸ್ಯೆಗೆ ಮನೆ ಬದಲಿಸುತ್ತದೆ. ಇಬ್ಬರೂ ಮೀಟರು ನೋಡಿ, ಕೀಲಿಯನ್ನು ಗೋಡೆಯ ಮೇಲಿಟ್ಟು ಹೋಗುತ್ತಾರೆ. ಅತ್ತೆ ಮನಸ್ಸು ಬಂದಾಗ ಅಲ್ಲಿ, ಮನಸ್ಸು ಬಂದಾಗ ಇಲ್ಲಿ ನಡೆದುಕೊಂಡೇ ಓಡಾಡಿದರು. ದಬ್ಬೆಯ ಉದ್ದದ ತುಂಡು ಅವರಿಗೆ ಬೆನ್ನು ಕೆರೆಯುವ ಕಡ್ಡಿಯಾಯಿತು.

ಆದರೆ ಈ ವರ್ಷ ಅವರ ಮಂಡಿ ಮುಷ್ಕರ ಹೂಡಿದೆ. ಆ ನಾಲ್ಕು ಹೆಜ್ಜೆಗೂ ಮತ್ತೆ ಕಾರೇ ಬೇಕು. ಕಾರು ನಿಂತರೆ ಅವರೂ ನಿಂತ ಹಾಗೆ. ಹೋದ ವಾರ ನಾನು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಮೂಗರಳಿಸಿ, "ಶಾರದಾ, ಮತ್ತೆ ಆ ವಾಸನೆ ಬತ್ತೈತೆ ಕಣೇ" ಎಂದರು. ನಾನು ಶೆಡ್ಡಿಗೆ ಹೋಗಿ ನಾರಿನ ಪುಡಿ ಕೆದಕಿದೆ. ಒದ್ದೆಯಾಗಿತ್ತು. ನಮ್ಮವರು ಕೂರಿಸಿದ ಪ್ಯಾಕಿಂಗಿಗೂ ವಯಸ್ಸಾಗಿದೆ. ರುದ್ರೇಶನಿಗೆ ತಿಳಿದರೆ ಅವನ ಹಸುವಿಗೆ ಒಂದು ವರ್ಷಕ್ಕಾಗುವಷ್ಟು ಕತೆ. ಇವರಿಗೆ ತಿಳಿದರೆ ಅದು ತಮ್ಮನ ಫ್ಲೋಟಿನ ಹಣೆಬರಹ. "ಅವರ ಮೂಗಿಗೆ ಬಡಿಯೋಕೆ ಮುಂಚೆ ಹೋಗಿ ಬಾ" ಎಂದರು ಅತ್ತೆ.

ಅರಸೀಕೆರೆಯಿಂದ ಸಂಜೆಯ ಬಸ್ಸಿನಲ್ಲಿ ಬಂದಿಳಿದಾಗ ನಮ್ಮ ಯಜಮಾನರು ಬೇಲಿಯ ಹತ್ತಿರ ನಿಂತು ಗಾಳಿ ಮೂಸುತ್ತಿದ್ದರು. ಉಂಗುರ ನನ್ನ ಚೀಲದಲ್ಲಿ, ವೀಳ್ಯದೆಲೆಯ ಕಟ್ಟಿನ ಅಡಿಯಲ್ಲಿತ್ತು. ಮರುದಿನ ಬೆಳಗ್ಗೆ ಗಂಡಸರಿಬ್ಬರೂ ಬೇರೆಬೇರೆ ಬಸ್ಸಿನಲ್ಲಿ ಒಂದೇ ಮದುವೆಗೆ ಹೋಗುವವರಿದ್ದರು. ಲತಾ ಸ್ಪ್ಯಾನರು ಹುಡುಕಿಟ್ಟಿದ್ದಳು. ಎರಡೂ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ನಮ್ಮಿಬ್ಬರಲ್ಲಿ ಮಾತಾಗಿತ್ತು.

"ಶಾರದಾ, ಪೆಟ್ರೋಲ್ ವಾಸನೆ ಬರ್ತಿಲ್ವಾ? ಅವನ ಫ್ಲೋಟು ಕೈ ಕೊಟ್ಟಿರಬೇಕು. ಹೋಗಿ ಹೇಳು ಅವನಿಗೆ."

"ನಾಳೆ ಸಾಯಂಕಾಲ ಹೇಳ್ತೀನಿ ಬಿಡಿ" ಎಂದು ಒಳಗೆ ಹೋದೆ.